ವಾರಾಂತ್ಯದಲ್ಲಿ ಕಿಟ್ ಕಾರ್ ಕಟ್ಟುವುದು: ಯಾವುದು ಮೊದಲು, ಯಾವುದು ಆಮೇಲೆ

ಕಿಟ್ ಕಾರ್ ಕಟ್ಟಲು ಬೇಕಾದ ಕೈಚಳಕ ಜನ ಅಂದುಕೊಂಡಷ್ಟು ದೊಡ್ಡದೇನಲ್ಲ. ವೆಲ್ಡ್ ಮಾಡಿದ ಚಾಸಿ, ಅಚ್ಚಿನಲ್ಲಿ ತೆಗೆದ ಫೈಬರ್ ಬಾಡಿ, ಸಸ್ಪೆನ್ಶನ್ ತೋಳುಗಳು, ವೈರಿಂಗ್ ಕಟ್ಟು ಎಲ್ಲ ಸಿದ್ಧವಾಗಿಯೇ ಬರುತ್ತವೆ. ನಮ್ಮ ಪಾಲಿಗೆ ಉಳಿಯುವುದು ಜೋಡಣೆ. ತೊಂದರೆ ಇರುವುದು ವಾರಕ್ಕೆ ಎರಡೇ ದಿನ ಕೆಲಸ ಮಾಡುವುದರಲ್ಲಿ. ಭಾನುವಾರ ಸಂಜೆ ಬೆರಳಲ್ಲಿ ತಿರುಗಿಸಿ ಬಿಟ್ಟ ನಟ್ಟು, ಮುಂದಿನ ಶನಿವಾರದ ಹೊತ್ತಿಗೆ ಬಿಗಿ ಮಾಡಿದ ನಟ್ಟಾಗಿ ನೆನಪಿನಲ್ಲಿ ಕೂತಿರುತ್ತದೆ. ನಡುವಿನ ಐದು ದಿನ ದಾಟಿಸುವ ಒಂದು ಪದ್ಧತಿ ಇಟ್ಟುಕೊಂಡರೆ ಕಾರು ಮುಗಿಯುತ್ತದೆ, ಓಡಿಸಲು ಧೈರ್ಯವೂ ಇರುತ್ತದೆ.

ಇಲ್ಲಿ ಹೇಳುವುದೆಲ್ಲ ಲೋಟಸ್ ಸೆವೆನ್ ಜಾತಿಯ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. 1957ರಲ್ಲಿ ಬಂದ ಆ ಕಾರನ್ನು ಕೊಂಡವರೇ ಜೋಡಿಸಿಕೊಳ್ಳುವ ಹಾಗೆ ಬಿಡಿಭಾಗಗಳಾಗಿಯೂ ಮಾರುತ್ತಿದ್ದರು; 1973ರಿಂದ ಅದರ ತಯಾರಿಕೆ ಕೇಟರ್‌ಹ್ಯಾಮ್ ಕಂಪನಿಯ ಕೈಯಲ್ಲಿದೆ, ಅದೇ ನಕ್ಷೆಯನ್ನು ಅನುಸರಿಸುವ ಕಿಟ್‌ಗಳು ಇನ್ನೂ ಎಷ್ಟೋ ಇವೆ. ಮುಂದೆ ಎಂಜಿನ್, ಹಿಂದಿನ ಚಕ್ರಗಳಿಗೆ ಡ್ರೈವ್, ಉಕ್ಕಿನ ಕೊಳವೆಗಳ ಚಾಸಿ, ಅದರ ಮೇಲೆ ಅಲ್ಯೂಮಿನಿಯಂ ತಗಡು, ಮೂತಿ ಮತ್ತು ಮಡ್‌ಗಾರ್ಡ್ ಫೈಬರ್. ಮೊದಲ ಸಲ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ, ಏಕೆಂದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ.

ಹಣ ಕಟ್ಟುವ ಮೊದಲು

ಮೊದಲ ಕೆಲಸ ನೋಂದಣಿಯ ನಿಯಮ ಓದುವುದು. ಮನೆಯಲ್ಲಿ ಕಟ್ಟಿದ ಕಾರನ್ನು ಕೆಲವು ದೇಶಗಳು ಪರೀಕ್ಷಿಸಿ ರಸ್ತೆಗೆ ಬಿಡುತ್ತವೆ, ಬ್ರಿಟನ್ನಿನ ಐವಿಎ ಪರೀಕ್ಷೆ ಅಂಥದ್ದು. ಕೆಲವು ಕಡೆ ದಾರಿಯೇ ಇಲ್ಲ, ಕಾರು ಖಾಸಗಿ ಟ್ರ್ಯಾಕಿಗೆ ಸೀಮಿತವಾಗುತ್ತದೆ. ದಾರಿ ಇದ್ದಲ್ಲಿ ನಿಯಮಗಳು ಕಟ್ಟುವ ಕ್ರಮವನ್ನೇ ಬದಲಿಸಬಹುದು: ಚೂಪು ಅಂಚುಗಳಿಗೆ ಎಷ್ಟು ದುಂಡಗಿನ ಮುಗಿತಾಯ ಬೇಕು, ಸೀಟ್ ಬೆಲ್ಟಿನ ಮೇಲಿನ ಕೊಂಡಿ ಎಷ್ಟು ಎತ್ತರದಲ್ಲಿರಬೇಕು, ಹೊಗೆಯ ಮಿತಿ ಎಂಜಿನ್ನಿನ ವಯಸ್ಸನ್ನು ನೋಡಿ ನಿರ್ಧಾರವಾಗುತ್ತದೆಯೇ. ಎಂಜಿನ್, ಗೇರ್‌ಬಾಕ್ಸ್, ಚಾಸಿಯ ರಸೀದಿಗಳನ್ನೂ ಪ್ರತಿ ಹಂತದ ಫೋಟೋಗಳನ್ನೂ ಮೊದಲ ದಿನದಿಂದಲೇ ಒಂದು ಫೈಲಿನಲ್ಲಿಡಿ.

ಜಾಗದ ವಿಷಯ. ಕಾರು ಸುಮಾರು 3.4 ಮೀಟರ್ ಉದ್ದ, 1.6 ಮೀಟರ್ ಅಗಲ. 6 ಮೀಟರ್ ಉದ್ದ, 3.5 ಮೀಟರ್ ಅಗಲದ ಶೆಡ್ಡಿನಲ್ಲಿ ಆರಾಮವಾಗಿ ಕೆಲಸ ಮಾಡಬಹುದು. ಉದ್ದ ಕಡಿಮೆಯಾದರೆ ಎಂಜಿನ್ ಇಳಿಸುವ ದಿನ ಪೇಚಾಟ, ಏಕೆಂದರೆ ಕ್ರೇನ್ ನಿಲ್ಲಲು ಮೂತಿಯ ಮುಂದೆ ಇನ್ನೆರಡು ಮೀಟರ್ ಬೇಕು.

ಸಮಯ ಕಿಟ್ ಯಾವ ಬಗೆಯದು ಎಂಬುದರ ಮೇಲೆ ನಿಂತಿದೆ. ಎಲ್ಲ ಹೊಸ ಭಾಗಗಳೊಂದಿಗೆ ಬರುವ ಪೂರ್ಣ ಕಿಟ್ಟಿಗೆ ನೂರು ಗಂಟೆಯ ಆಸುಪಾಸು. ಹಳೆಯ ಕಾರೊಂದನ್ನು ಬಿಚ್ಚಿ ಅದರ ಎಂಜಿನ್, ಡಿಫರೆನ್ಶಿಯಲ್ (ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ), ಹಬ್‌ಗಳನ್ನು ಬಳಸುವ ಕಿಟ್ ಆದರೆ ಮುನ್ನೂರರಿಂದ ಐನೂರು ಗಂಟೆ ಅಂದುಕೊಳ್ಳಿ. ಅದರಲ್ಲಿ ದೊಡ್ಡ ಪಾಲು ತುಕ್ಕು ಉಜ್ಜಿ, ಬೇರಿಂಗ್ ಬದಲಿಸಿ, ಬಣ್ಣ ಬಳಿಯುವುದಕ್ಕೇ ಹೋಗುತ್ತದೆ. ಶನಿವಾರ, ಭಾನುವಾರ ಸೇರಿ ಎಂಟು ಗಂಟೆ ಸಿಕ್ಕರೆ ಮೊದಲನೆಯದಕ್ಕೆ ಮೂರು ನಾಲ್ಕು ತಿಂಗಳು, ಎರಡನೆಯದಕ್ಕೆ ಒಂಬತ್ತು ತಿಂಗಳಿಂದ ಒಂದು ವರ್ಷದ ಮೇಲೆ.

ಪಾನಾ, ಸಾಕೆಟ್ ಸೆಟ್ ಹೇಗೂ ಇರುತ್ತದೆ. ಜನ ಉಳಿತಾಯಕ್ಕೆ ಹೋಗಿ ಕೈ ಸುಟ್ಟುಕೊಳ್ಳುವುದು ಮೂರು ಸಾಮಾನುಗಳಲ್ಲಿ. ಒಂದು, ಟಾರ್ಕ್ ರೆಂಚ್, ಅಂದರೆ ಹೇಳಿದಷ್ಟು ಬಿಗಿತ (ಟಾರ್ಕ್) ಬಂದಾಗ ಕ್ಲಿಕ್ ಅನ್ನುವ ಪಾನಾ: 5ರಿಂದ 25 ನ್ಯೂಟನ್ ಮೀಟರಿನದೊಂದು, 40ರಿಂದ 200ರದೊಂದು, ಎರಡು ಬೇಕು, ದೊಡ್ಡದರಲ್ಲಿ ಎಂ6 (6 ಮಿ.ಮೀ. ದಪ್ಪದ) ಬೋಲ್ಟ್ ಬಿಗಿ ಮಾಡಲು ಹೋದರೆ ಅದು ಕ್ಲಿಕ್ ಅನ್ನುವ ಮೊದಲೇ ಬೋಲ್ಟ್ ಮುರಿದಿರುತ್ತದೆ. ಎರಡು, ಬ್ರೇಕ್ ಪೈಪಿನ ಬಾಯಿ ಅರಳಿಸುವ ಫ್ಲೇರಿಂಗ್ ಟೂಲ್. ಮೂರು, ರ‍್ಯಾಚೆಟ್ ಇರುವ ಕ್ರಿಂಪಿಂಗ್ ಪ್ಲೈಯರ್, ವೈರಿನ ತುದಿಗೆ ಟರ್ಮಿನಲ್ ಒತ್ತಿ ಕೂರಿಸುವುದಕ್ಕೆ. ಎಂಜಿನ್ ಕ್ರೇನ್ ಮತ್ತು ಅದರ ಲೋಡ್ ಲೆವೆಲರನ್ನು (ತೂಗುವ ಎಂಜಿನ್ನನ್ನು ಓರೆ ಮಾಡುವ ಸಾಧನ) ಬಾಡಿಗೆಗೆ ತನ್ನಿ, ಒಂದು ದಿನದ ಕೆಲಸ ಅದು. ನಾಲ್ಕು ಗಟ್ಟಿ ಆಕ್ಸಲ್ ಸ್ಟ್ಯಾಂಡ್ ಇಲ್ಲದೆ ಶುರು ಮಾಡಬೇಡಿ.

ಮೊದಲ ವಾರಾಂತ್ಯ: ಡಬ್ಬ ಬಿಚ್ಚುವುದು

ಈ ಎರಡು ದಿನ ಏನನ್ನೂ ಜೋಡಿಸಬೇಡಿ. ಪ್ಯಾಕಿಂಗ್ ಪಟ್ಟಿ ಹಿಡಿದು ಒಂದೊಂದೇ ಭಾಗಕ್ಕೆ ಗುರುತು ಹಾಕಿ. ಬರದೇ ಇರುವ ಭಾಗಗಳು ಇದ್ದೇ ಇರುತ್ತವೆ. ಅವು ಯಾವುವು ಅಂತ ಈಗಲೇ ತಿಳಿದರೆ ಕೆಲಸದ ಸರದಿಯನ್ನು ಅದಕ್ಕೆ ತಕ್ಕಂತೆ ಹೊಂದಿಸಬಹುದು. ಬೋಲ್ಟುಗಳನ್ನು ಅಳತೆಗೆ ತಕ್ಕ ಹಾಗೆ ಡಬ್ಬಿಗಳಿಗೆ ಹಾಕಿ. ತಲೆಯ ಮೇಲೆ 8.8 ಎಂದಿರುವುದನ್ನೂ 10.9 ಎಂದಿರುವುದನ್ನೂ ಬೆರೆಸಬೇಡಿ; ಅವು ಬೋಲ್ಟಿನ ಬಲದ ದರ್ಜೆಗಳು.

ಚಾಸಿಗೆ ಪೌಡರ್ ಕೋಟಿಂಗ್ ಆಗಿದ್ದರೆ ಬೋಲ್ಟ್ ತಿರುಗಿಸುವ ಎಲ್ಲ ಮರೆಯ (ಥ್ರೆಡ್ ಇರುವ) ತೂತುಗಳಲ್ಲೂ ಬಣ್ಣ ಕೂತಿರುತ್ತದೆ. ಮರೆಗಳಿಗೆ ಸರಿಯಾದ ಅಳತೆಯ ಟ್ಯಾಪ್ (ಮರೆ ಕೊರೆಯುವ ಉಪಕರಣ) ಹಾಕಿ ಸ್ವಚ್ಛ ಮಾಡಿ. ಸೀಟ್ ಬೆಲ್ಟಿನವು ಹೆಚ್ಚಾಗಿ 7/16 ಇಂಚಿನ ಯುಎನ್‌ಎಫ್ (ಇಂಚು ಅಳತೆಯ ಸಣ್ಣ) ಮರೆ, ಮೆಟ್ರಿಕ್ ಟ್ಯಾಪ್ ತುರುಕಿದರೆ ಕೊಂಡಿ ಹಾಳು. ಸಸ್ಪೆನ್ಶನ್ ಕಿವಿಗಳ ನಡುವಿನ ಬಣ್ಣವನ್ನು ಅರದಿಂದ ಉಜ್ಜಿ ತೆಗೆಯಿರಿ; ಅಲ್ಲಿ ಬಣ್ಣ ಉಳಿದರೆ ಬೋಲ್ಟಿನ ಬಿಗಿತ ಬಣ್ಣದ ಮೇಲೆ ನಿಲ್ಲುತ್ತದೆ, ಅದು ನಲುಗಿದಂತೆ ಬೋಲ್ಟ್ ಸಡಿಲ.

ಇನ್ನು ಗುರುತಿನ ಪದ್ಧತಿ. ಕೊನೆಯ ಟಾರ್ಕಿಗೆ ಬಿಗಿ ಮಾಡಿದ ಪ್ರತಿ ನಟ್ಟಿನ ಮೇಲಿಂದ ಬ್ರಾಕೆಟಿನವರೆಗೆ ಹಳದಿ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಬೇಕೆಂದೇ ಸಡಿಲ ಬಿಟ್ಟದ್ದಕ್ಕೆ ಕೆಂಪು ಟೇಪಿನ ಬಾಲ ಕಟ್ಟಿ. ಎರಡೂ ಇಲ್ಲದ ನಟ್ಟು ಕಂಡರೆ ಅದನ್ನು ಯಾರೂ ಮುಟ್ಟಿಲ್ಲ ಎಂದೇ ಲೆಕ್ಕ. ಭಾನುವಾರದ ಕೊನೆಯ ಅರ್ಧ ಗಂಟೆಯನ್ನು ಇದಕ್ಕೇ ಮೀಸಲಿಡಿ: ಗುರುತು ಹಾಕಿ, ಮುಂದಿನ ವಾರದ ಮೊದಲ ಕೆಲಸವನ್ನು ಒಂದು ಸಾಲಿನಲ್ಲಿ ಬರೆದು ಸ್ಟಿಯರಿಂಗಿಗೆ ಅಂಟಿಸಿ.

ಕೈಪಿಡಿಯಲ್ಲಿ ಬೇರೆ ಅಂಕಿ ಇಲ್ಲದ ಕಡೆ, 8.8 ದರ್ಜೆಯ ಒಣ ಬೋಲ್ಟಿಗೆ ಎಂ6 ಆದರೆ 10, ಎಂ8 ಆದರೆ 25, ಎಂ10 ಆದರೆ 50, ಎಂ12 ಆದರೆ 85 ನ್ಯೂಟನ್ ಮೀಟರ್ ಹತ್ತಿರದ ಲೆಕ್ಕ. ಎಣ್ಣೆ ಹಚ್ಚಿದ ಬೋಲ್ಟಿಗೆ ಇದೇ ಅಂಕಿ ಹೆಚ್ಚಾಯಿತು. ನೈಲಾನ್ ಉಂಗುರದ ಲಾಕ್ ನಟ್ಟಿನಿಂದ ಕನಿಷ್ಠ ಎರಡು ಸುತ್ತು ಮರೆ ಹೊರಗೆ ಕಾಣಬೇಕು. ಒಮ್ಮೆ ಬಿಚ್ಚಿದರೆ ಹೊಸದು ಹಾಕಿ. ನೈಲಾನ್ ಸುಮಾರು 120 ಡಿಗ್ರಿ ದಾಟಿದರೆ ಮೆತ್ತಗಾಗುವುದರಿಂದ ಎಕ್ಸಾಸ್ಟಿನ ಹತ್ತಿರ ಪೂರ್ತಿ ಲೋಹದ ಲಾಕ್ ನಟ್ಟೇ ಆಗಬೇಕು.

ಪೈಪು ಮೊದಲು, ತಗಡು ಆಮೇಲೆ

ಚಾಸಿಯನ್ನು ಅರ್ಧ ಮೀಟರ್ ಎತ್ತರದ ಸ್ಟ್ಯಾಂಡ್‌ಗಳ ಮೇಲೆ ಮಟ್ಟವಾಗಿ ನಿಲ್ಲಿಸಿ. ಅದು ಬೆತ್ತಲೆಯಾಗಿರುವಾಗಲೇ ಬ್ರೇಕ್ ಪೈಪು, ಇಂಧನದ ಪೈಪು ಎಳೆದುಬಿಡಬೇಕು. ತಗಡು ಬಡಿದ ಮೇಲೆ ಗೇರ್‌ಬಾಕ್ಸಿನ ಸುರಂಗದೊಳಗೆ ಕೈಯೇ ಹೋಗುವುದಿಲ್ಲ.

ಬ್ರೇಕ್ ಪೈಪ್ ಸಾಮಾನ್ಯವಾಗಿ 4.75 ಮಿ.ಮೀ. ಹೊರ ವ್ಯಾಸದ್ದು. ಶುದ್ಧ ತಾಮ್ರಕ್ಕಿಂತ ತಾಮ್ರ-ನಿಕ್ಕಲ್ ಮಿಶ್ರಲೋಹದ್ದು ಒಳ್ಳೆಯದು: ಅದೂ ಸುಲಭವಾಗಿ ಬಾಗುತ್ತದೆ, ತುಕ್ಕು ಹಿಡಿಯುವುದಿಲ್ಲ, ಅದುರಿಕೆಗೆ ಬಿರುಕು ಬಿಡುವುದೂ ಕಡಿಮೆ. ಹ್ಯಾಕ್ಸಾದಲ್ಲಿ ಕೊಯ್ಯಬೇಡಿ, ಪೈಪ್ ಕಟರ್ ಬಳಸಿ. ಒಳಗಿನ ಸಿಬಿರು ತೆಗೆದು ಗಾಳಿ ಊದಿ. ಫ್ಲೇರ್ ಮಾಡುವ ಮೊದಲು ನಟ್ಟನ್ನು ಪೈಪಿಗೆ ಹಾಕಿಕೊಂಡಿದ್ದೀರಾ ನೋಡಿ, ಪ್ರತಿ ಸಲವೂ ನೋಡಿ. ಪ್ರತಿ 300 ಮಿ.ಮೀ.ಗೆ ಒಂದಾದರೂ ಕ್ಲಿಪ್ ಬೇಕು.

ಹಳೆಯ ಕಾರಿನ ಭಾಗಗಳು ಬೆರೆತ ಕಿಟ್ಟಿನಲ್ಲಿ ಒಂದು ಮರೆಮೋಸ ಕಾದಿರುತ್ತದೆ. ಬ್ರೇಕ್ ಫಿಟ್ಟಿಂಗುಗಳಲ್ಲಿ ಎಂ10×1 ಮೆಟ್ರಿಕ್ ಮರೆಯೂ 3/8 ಇಂಚಿನ ಯುಎನ್‌ಎಫ್ ಮರೆಯೂ ಕಣ್ಣಿಗೆ ಒಂದೇ ಥರ. 3/8ರ ನಟ್ಟು ಎಂ10ರ ತೂತಿಗೆ ಇಳಿಯುತ್ತದೆ, ಸ್ವಲ್ಪ ಹಿಡಿದುಕೊಂಡಂತೆಯೂ ಅನ್ನಿಸುತ್ತದೆ. ಪೆಡಲ್ ಜೋರಾಗಿ ಒತ್ತಿದ ದಿನ ಕಿತ್ತುಕೊಂಡು ಬರುತ್ತದೆ. ಬೆರಳಲ್ಲಿ ತಿರುಗಿಸುವಾಗ ಅಲುಗಾಟ ಕಂಡರೆ ಅಲ್ಲೇ ನಿಲ್ಲಿಸಿ ಮರೆಯ ಗೇಜಿನಿಂದ ಅಳೆಯಿರಿ.

ಆಮೇಲೆ ತಗಡು. ಅಲ್ಯೂಮಿನಿಯಂ ನೇರವಾಗಿ ಉಕ್ಕಿಗೆ ತಾಗಿ ನೀರು ಕೂತರೆ ಅಲ್ಯೂಮಿನಿಯಂ ಬಿಳಿಪುಡಿಯಾಗಿ ಉದುರುತ್ತದೆ. ಅದಕ್ಕೇ ನಡುವೆ ಪಾಲಿಯುರಿಥೇನ್ ಸೀಲೆಂಟಿನ ಪಟ್ಟಿ ಇರಬೇಕು. ಮೊದಲು ಸೀಲೆಂಟ್ ಇಲ್ಲದೆ ತಗಡು ಕೂರಿಸಿ, ನಡುವಿನಿಂದ ಅಂಚಿನ ಕಡೆಗೆ ತೂತು ಕೊರೆಯುತ್ತಾ ಹೋಗಿ, ಕೊರೆದಲ್ಲೆಲ್ಲ ತಾತ್ಕಾಲಿಕ ಪಿನ್ ಸಿಕ್ಕಿಸಿ. ಎರಡೂ ತುದಿಯಿಂದ ಶುರು ಮಾಡಿದರೆ ನಡುವೆ ಉಬ್ಬು ಬರುತ್ತದೆ, ಅದು ಹೋಗುವುದೇ ಇಲ್ಲ. 4 ಮಿ.ಮೀ. ರಿವೆಟ್ಟಿಗೆ 4.1 ಮಿ.ಮೀ. ತೂತು, ರಿವೆಟ್ಟಿನಿಂದ ರಿವೆಟ್ಟಿಗೆ 50ರಿಂದ 75 ಮಿ.ಮೀ. ಕೊರೆದ ಮೇಲೆ ಎಲ್ಲ ಬಿಚ್ಚಿ ಸಿಬಿರು ಕೆರೆದು, ಲೋಹದ ಪುಡಿಯನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದು, ಆಮೇಲೆ ಸೀಲೆಂಟ್ ಹಚ್ಚಿ ರಿವೆಟ್ ಹೊಡೆಯಿರಿ. ಕೊಳವೆಯ ಎರಡೂ ಗೋಡೆ ದಾಟದಂತೆ ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ ಆಳ ಗುರುತಿಸಿಕೊಳ್ಳಿ. ತಗಡಿನ ಹಿಂದೆ ಬ್ರೇಕ್ ಪೈಪ್ ಎಲ್ಲಿ ಓಡುತ್ತದೆ ಎಂದು ಹೊರಗಡೆಯೇ ಬಣ್ಣದಲ್ಲಿ ಬರೆದಿಡಿ.

ಸೀಲೆಂಟ್, ಅಂಟು, ಬಣ್ಣ ಇವೆಲ್ಲ ಭಾನುವಾರದ ಕೆಲಸ. ವಾರವಿಡೀ ಒಣಗಲಿ. ವಾರಾಂತ್ಯದ ಪದ್ಧತಿಗೆ ಇರುವ ಅನುಕೂಲವೇ ಅದು. ಮುರಿಯುವ ಹಾಗೆ ಕಚ್ಚಿಕೊಂಡ ಹಳೆಯ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸುವುದೂ ಭಾನುವಾರವೇ.

ಸಸ್ಪೆನ್ಶನ್: ಬಿಗಿ ಮಾಡಲು ಅವಸರ ಬೇಡ

ತೋಳುಗಳು ಚಾಸಿಗೆ ಸೇರುವಲ್ಲಿರುವ ಬುಷ್ ರಬ್ಬರಿನದಾದರೆ ಅದರ ರಬ್ಬರು ಒಳಗಿನ ಉಕ್ಕಿನ ಕೊಳವೆಗೂ ಹೊರಗಿನದಕ್ಕೂ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿ ಮಾಡಿದ ಕೂಡಲೇ ಒಳ ಕೊಳವೆ ಚಾಸಿಗೆ ಲಾಕ್ ಆಗುತ್ತದೆ. ಮುಂದೆ ತೋಳು ಮೇಲೆ ಕೆಳಗೆ ಆಡುವುದೆಲ್ಲ ರಬ್ಬರ್ ತಿರುಚಿಕೊಂಡೇ. ಕಾರು ಸ್ಟ್ಯಾಂಡಿನ ಮೇಲಿದ್ದು ಚಕ್ರ ಜೋತುಬಿದ್ದಾಗ ಬಿಗಿ ಮಾಡಿದರೆ, ನೆಲಕ್ಕಿಳಿದ ಕಾರಿನ ಬುಷ್ ಸದಾ ತಿರುಚಿದ ಸ್ಥಿತಿಯಲ್ಲೇ ಇರುತ್ತದೆ. ಕಾರು ಹೇಳಿದ್ದಕ್ಕಿಂತ ಎತ್ತರಕ್ಕೆ ನಿಲ್ಲುತ್ತದೆ, ಸ್ಪ್ರಿಂಗನ್ನು ಎಷ್ಟು ಹೊಂದಿಸಿದರೂ ಅಳತೆ ಕೈಗೆ ಬರುವುದಿಲ್ಲ, ಕೆಲವೇ ತಿಂಗಳಲ್ಲಿ ರಬ್ಬರ್ ಹರಿಯುತ್ತದೆ. ಆದ್ದರಿಂದ ಈ ಬೋಲ್ಟುಗಳನ್ನು ಅಲುಗಾಡದಷ್ಟು ಮಾತ್ರ ಬಿಗಿ ಮಾಡಿ, ಕೆಂಪು ಬಾಲ ಕಟ್ಟಿ. ಎಂಜಿನ್ ಕೂತು, ಕಾರು ಚಕ್ರದ ಮೇಲೆ ನಿಂತು, ಓಡಿಸುವವರ ತೂಕದಷ್ಟು ಮರಳು ಮೂಟೆ ಸೀಟಿನಲ್ಲಿಟ್ಟು, ನಾಲ್ಕೂ ಮೂಲೆ ಕುಲುಕಿಸಿ, ಆಗ ಕೊನೆಯ ಟಾರ್ಕ್. ಒಳ ಕೊಳವೆ ಸುಲಭವಾಗಿ ತಿರುಗುವ ಪಾಲಿಯುರಿಥೇನ್ ಬುಷ್‌ಗಳಿಗೆ ಈ ಚಿಂತೆ ಇಲ್ಲ, ಗ್ರೀಸ್ ಮಾತ್ರ ಮರೆಯಬೇಡಿ.

ಬ್ರೇಕ್ ಕ್ಯಾಲಿಪರುಗಳಲ್ಲಿ ಗಾಳಿ ಬಿಡುವ ನಿಪ್ಪಲ್ ಮೇಲ್ಗಡೆ ಬರಬೇಕು. ಎಡದ್ದು ಬಲಕ್ಕೆ ಅದಲುಬದಲಾದರೂ ಕ್ಯಾಲಿಪರ್ ಚೆನ್ನಾಗಿಯೇ ಕೂರುತ್ತದೆ, ನಿಪ್ಪಲ್ ಕೆಳಗಾಗುತ್ತದೆ, ಒಳಗಿನ ಗಾಳಿ ಎಂದಿಗೂ ಹೊರಬರುವುದಿಲ್ಲ. ಎಷ್ಟು ಬಾಟಲಿ ದ್ರವ ಸುರಿದರೂ ಪೆಡಲ್ ಮೆತ್ತಗೇ ಇದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ಮುಂದಿನ, ಹಿಂದಿನ ಬ್ರೇಕಿಗೆ ಬೇರೆ ಬೇರೆ ಮಾಸ್ಟರ್ ಸಿಲಿಂಡರ್ ಇದ್ದು ನಡುವೆ ಬಯಾಸ್ ಬಾರ್ (ಪೆಡಲಿನ ಬಲವನ್ನು ಎರಡಕ್ಕೂ ಹಂಚುವ ಸರಳು) ಇದ್ದರೆ, ಮುಂದಿನದೊಂದು ಹಿಂದಿನದೊಂದು ನಿಪ್ಪಲನ್ನು ಒಟ್ಟಿಗೆ ತೆರೆದು ಗಾಳಿ ತೆಗೆಯಿರಿ. ಒಂದನ್ನೇ ತೆರೆದರೆ ಬಾರ್ ಓರೆಯಾಗಿ ಪೆಡಲ್ ಪೂರ್ತಿ ಹೋಗುವುದಿಲ್ಲ. ಕೆಲಸ ಮುಗಿದ ಮೇಲೆ ಸೀಟಿಗೂ ಪೆಡಲಿಗೂ ನಡುವೆ ಒಂದು ಕೋಲು ಕೊಟ್ಟು ಒತ್ತಿ ಹಿಡಿಸಿ, ಪ್ರತಿ ಜೋಡಣೆಯ ಕೆಳಗೆ ಕಾಗದ ಹಾಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಾಗದದ ಮೇಲೆ ಕಲೆ ಕಂಡರೆ ಆ ಜೋಡಣೆ ಬಿಚ್ಚಬೇಕು. ದ್ರವ ಬಣ್ಣವನ್ನು ತಿನ್ನುತ್ತದೆ, ಚೆಲ್ಲಿದ ತಕ್ಷಣ ನೀರಿನಲ್ಲಿ ತೊಳೆಯಿರಿ.

ಡಿಫರೆನ್ಶಿಯಲ್ ಕೂರಿಸುವ ಮೊದಲು ಎಣ್ಣೆ ತುಂಬಿಬಿಡಿ. ಎಷ್ಟೋ ಚಾಸಿಗಳಲ್ಲಿ ಎಣ್ಣೆಯ ಬಿರಡೆ ಕೊಳವೆಯ ಹಿಂದೆ ಸೇರಿಕೊಂಡು ಪಾನಾ ಹೋಗುವುದೇ ಇಲ್ಲ.

ಎಂಜಿನ್ ಇಳಿಸುವ ದಿನ

ಇದಕ್ಕೆ ಇಬ್ಬರು ಬೇಕು, ಮೂವರಿದ್ದರೆ ಚೆಂದ. ಎಂಜಿನ್ ಮತ್ತು ಗೇರ್‌ಬಾಕ್ಸ್ ನೆಲದ ಮೇಲೆಯೇ ಸೇರಿರಲಿ. ಕ್ಲಚ್ ಪ್ಲೇಟನ್ನು ನಡುವಿಗೆ ತರುವ ಉಪಕರಣ ಬಳಸಿದ್ದರೆ ಗೇರ್‌ಬಾಕ್ಸ್ ಕೈಯಿಂದ ನೂಕಿದರೆ ಎಂಜಿನ್ನಿಗೆ ಪೂರ್ತಿ ಅಂಟಿ ನಿಲ್ಲುತ್ತದೆ. ಕೊನೆಯ ಹತ್ತು ಮಿ.ಮೀ. ಸಂದನ್ನು ಬೋಲ್ಟ್ ಬಿಗಿ ಮಾಡಿ ಎಳೆದುಕೊಳ್ಳಲು ಹೋಗಬೇಡಿ. ಬೆಲ್ ಹೌಸಿಂಗಿನ (ಕ್ಲಚ್ಚನ್ನು ಮುಚ್ಚುವ, ಗೇರ್‌ಬಾಕ್ಸಿನ ಗಂಟೆಯಾಕಾರದ ಮುಂಭಾಗ) ಕಿವಿ ಮುರಿಯುತ್ತದೆ, ಇಲ್ಲವೇ ಕ್ಲಚ್ ಪ್ಲೇಟಿನ ನಡುಭಾಗ ಬಾಗುತ್ತದೆ.

ಮೂತಿ, ರೇಡಿಯೇಟರ್, ಹೆಡ್‌ಲ್ಯಾಂಪ್ ಬಿಚ್ಚಿ, ಚಾಸಿಯ ಮೇಲ್ಕೊಳವೆಗಳಿಗೆ ಹಳೆಯ ಬಟ್ಟೆ ಸುತ್ತಿ. ಗೇರ್‌ಬಾಕ್ಸಿನ ಬಾಲ 30ರಿಂದ 40 ಡಿಗ್ರಿ ಕೆಳಗಾಗುವಂತೆ ಲೆವೆಲರ್ ತಿರುಗಿಸಿ, ಸುರಂಗದೊಳಗೆ ನಿಧಾನ ತೂರಿಸುತ್ತಾ ಸಮಮಟ್ಟಕ್ಕೆ ತನ್ನಿ. ಒಬ್ಬರು ಕ್ರೇನ್ ನೋಡಿಕೊಳ್ಳಲಿ, ಇನ್ನೊಬ್ಬರ ಕಣ್ಣು ಬೆಲ್ ಹೌಸಿಂಗಿಗೂ ಕೊಳವೆಗಳಿಗೂ ನಡುವಿನ ಸಂದಿನ ಮೇಲಿರಲಿ. ಎತ್ತಿ ಹಿಡಿದ ಎಂಜಿನ್ನಿನ ಕೆಳಗೆ ಕೈ ಹಾಕುವ ಕೆಲಸ ಬೇಡವೇ ಬೇಡ. ನಾಲ್ಕೂ ಮೌಂಟ್ ಬೋಲ್ಟು ತೂರಿದ ಮೇಲಷ್ಟೇ ಬಿಗಿತ ಶುರು. ಗೇರ್‌ಬಾಕ್ಸಿನಿಂದ ಡಿಫರೆನ್ಶಿಯಲಿಗೆ ಹೋಗುವ ಪ್ರೊಪೆಲರ್ ಶಾಫ್ಟನ್ನು ಗೇರ್‌ಬಾಕ್ಸ್ ಇಳಿಸುವ ಮುಂಚೆಯೇ ಸುರಂಗದಲ್ಲಿ ಮಲಗಿಸಿಡಬೇಕಾದ ಚಾಸಿಗಳೂ ಇವೆ. ಕೈಪಿಡಿಯ ಆ ಪುಟವನ್ನು ಹಿಂದಿನ ರಾತ್ರಿಯೇ ಓದಿಕೊಳ್ಳಿ. ಶಾಫ್ಟಿನ ಎರಡು ತುದಿಯ ಕೋನಗಳು ಸಮವಾಗಿರಬೇಕು, ಅಂದರೆ ಗೇರ್‌ಬಾಕ್ಸಿನ ಅಕ್ಷ ಮತ್ತು ಡಿಫರೆನ್ಶಿಯಲಿನ ಅಕ್ಷ ಸಮಾನಾಂತರ. ಇಲ್ಲವಾದರೆ ವೇಗ ಹೆಚ್ಚಿದಂತೆ ಸೀಟಿನ ಕೆಳಗೆ ನಡುಕ.

ವೈರಿಂಗ್

ಕಿಟ್ ಕಾರಿನ ವೈರಿಂಗ್ ತೊಂದರೆಗಳಲ್ಲಿ ಹೆಚ್ಚಿನವು ಅರ್ತಿನವು. ಕಾರ್ಖಾನೆಯ ಕಾರಿನಲ್ಲಿ ಲ್ಯಾಂಪನ್ನು ಲೋಹದ ಬಾಡಿಯ ಮೇಲೆ ಕೂರಿಸಿದರೆ ಅರ್ತ್ ಅಲ್ಲೇ ಸಿಗುತ್ತದೆ. ಫೈಬರ್ ಮಡ್‌ಗಾರ್ಡಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ, ಹಾಗಾಗಿ ಪ್ರತಿ ಲ್ಯಾಂಪಿಗೂ ಪ್ರತ್ಯೇಕ ಅರ್ತ್ ವೈರು ಬೇಕು. ಇಂಡಿಕೇಟರ್ ಹಾಕಿದಾಗ ಹಿಂದಿನ ದೀಪ ಮಿಣುಕಿದರೆ, ಎರಡೂ ಒಂದೇ ಕೆಟ್ಟ ಅರ್ತಿನಲ್ಲಿ ಜಗಳವಾಡುತ್ತಿವೆ ಎಂದರ್ಥ. ಚಾಸಿಗೆ ಅರ್ತ್ ಕೊಡುವ ಜಾಗದಲ್ಲಿ ಪೌಡರ್ ಕೋಟಿಂಗ್ ಕೆರೆದು ಲೋಹ ಹೊಳೆಯುವಂತೆ ಮಾಡಿ, ಬೋಲ್ಟ್ ಬಿಗಿದ ಮೇಲೆ ಗ್ರೀಸ್ ಸವರಿ.

ಎಂಜಿನ್ ಕೂತಿರುವುದು ರಬ್ಬರ್ ಮೌಂಟಿನ ಮೇಲೆ, ಆದ್ದರಿಂದ ಎಂಜಿನ್‌ನಿಂದ ಚಾಸಿಗೆ ದಪ್ಪ ಅರ್ತ್ ಪಟ್ಟಿ ಕಡ್ಡಾಯ, 25 ಚದರ ಮಿ.ಮೀ.ಗಿಂತ ಸಣ್ಣದು ಬೇಡ. ಇದು ಮರೆತುಹೋದರೆ ಸ್ಟಾರ್ಟರಿನ ನೂರಾರು ಆಂಪಿಯರ್ ಕರೆಂಟು ಬೇರೆ ದಾರಿ ಹುಡುಕಿಕೊಂಡು ಆಕ್ಸಿಲರೇಟರ್ ಕೇಬಲ್ಲಿನ ಮೂಲಕ ಹೋಗುತ್ತದೆ. ಕೇಬಲ್ ಬಿಸಿಯಾಗಿ, ಒಳಗಿನ ಪ್ಲಾಸ್ಟಿಕ್ ಕರಗಿ, ಆಕ್ಸಿಲರೇಟರ್ ಅರ್ಧಕ್ಕೆ ಕಚ್ಚಿಕೊಳ್ಳುತ್ತದೆ.

ಮುಖ್ಯ ಫ್ಯೂಸ್ ಬ್ಯಾಟರಿಗೆ ಹತ್ತಿರದಲ್ಲಿರಲಿ. 55 ವ್ಯಾಟಿನ ಎರಡು ಹೆಡ್‌ಲ್ಯಾಂಪ್ ಸುಮಾರು 9 ಆಂಪಿಯರ್ ಎಳೆಯುತ್ತವೆ. 2 ಚದರ ಮಿ.ಮೀ. ವೈರು, 15 ಆಂಪಿಯರ್ ಫ್ಯೂಸ್, ಜೊತೆಗೊಂದು ರಿಲೇ ಇದ್ದರೆ ಸ್ವಿಚ್ಚು ಸುಡುವುದಿಲ್ಲ. ಬ್ಯಾಟರಿಯನ್ನು ಮೊದಲ ಸಲ ಜೋಡಿಸುವಾಗ ನೇರ ಕೊಡದೆ ನಡುವೆ 5 ಆಂಪಿಯರ್ ಫ್ಯೂಸ್ ಹಾಕಿ, ಹೆಚ್ಚು ಕರೆಂಟ್ ಎಳೆಯುವ ಹೆಡ್‌ಲ್ಯಾಂಪ್, ಸ್ಟಾರ್ಟರಿನಂಥವನ್ನು ಬಿಟ್ಟು ಒಂದೊಂದೇ ಸರ್ಕ್ಯೂಟ್ ಆನ್ ಮಾಡಿ ನೋಡಿ. ಎಲ್ಲೋ ತಪ್ಪಿದ್ದರೆ ಹೋಗುವುದು ಒಂದು ಫ್ಯೂಸ್ ಮಾತ್ರ.

ಮೊದಲ ಸಲ ಸ್ಟಾರ್ಟ್

ಇಂಜೆಕ್ಷನ್ ಎಂಜಿನ್ನಿನ ಪಂಪು ಸುಮಾರು 3 ಬಾರ್ ಒತ್ತಡ ಕೊಡುತ್ತದೆ. ಕಾರ್ಬ್ಯುರೇಟರಿಗೆ ಬಳಸುವ ಮಾಮೂಲಿ ರಬ್ಬರ್ ಪೈಪು ಅಲ್ಲಿ ನಿಲ್ಲುವುದಿಲ್ಲ. ಕೀ ಆನ್ ಮಾಡಿ ಪಂಪ್ ಓಡಿಸಿ, ಟಾರ್ಚ್ ಹಿಡಿದು ಪ್ರತಿ ಜೋಡಣೆಯನ್ನೂ ನೋಡಿ, ಮೂಗಿಗೂ ಕೆಲಸ ಕೊಡಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಲ್ಲಿರಲಿ. ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಂಧನ ಮತ್ತು ಇಗ್ನಿಷನ್ ಎರಡನ್ನೂ ಕಡಿದು, ಹತ್ತು ಸೆಕೆಂಡಿಗೊಮ್ಮೆ ಬಿಡುವು ಕೊಡುತ್ತಾ ಎಣ್ಣೆಯ ಒತ್ತಡ ಗೇಜಿನಲ್ಲಿ ಏಳುವವರೆಗೆ ಕ್ರ್ಯಾಂಕ್ ಮಾಡಿ. ಪ್ಲಗ್ ವಾಪಸ್ ಹಾಕಿ ಸ್ಟಾರ್ಟ್ ಮಾಡಿದಾಗ ಕೆಲವೇ ಸೆಕೆಂಡಿನಲ್ಲಿ ಒತ್ತಡ ಬರದಿದ್ದರೆ ತಕ್ಷಣ ಆಫ್.

ಈ ಕಾರುಗಳ ರೇಡಿಯೇಟರ್ ತಗ್ಗಿನಲ್ಲಿ, ಎಂಜಿನ್ ಎತ್ತರದಲ್ಲಿ; ನೀರಿನ ದಾರಿಯಲ್ಲಿ ಗಾಳಿ ಸಿಕ್ಕಿಕೊಳ್ಳುವುದು ಸಹಜ. ನೀರು ತುಂಬುವ ಹೆಡರ್ ಟ್ಯಾಂಕ್ ಎಲ್ಲಕ್ಕಿಂತ ಮೇಲಿರಬೇಕು. ಗೇಜು ಒಮ್ಮೆಲೇ ಏರಿ ಮತ್ತೆ ಇಳಿಯುವುದು, ಹೀಟರ್ ತಣ್ಣಗೇ ಇರುವುದು ಗಾಳಿಯ ಲಕ್ಷಣ. ಫ್ಯಾನ್ ತಾನಾಗಿ ಆನ್ ಆಗಿ ಆಫ್ ಆಗುವವರೆಗೆ ಎಂಜಿನ್ ಓಡಲಿ. ಅದು ಗಾಳಿಯನ್ನು ಎಂಜಿನ್ ಕಡೆಗೆ ಎಳೆಯುತ್ತಿದೆಯೇ ಎಂದು ಒಂದು ಕಾಗದ ಹಿಡಿದು ನೋಡಿ, ವೈರು ತಿರುಗುಮುರುಗಾದರೆ ಫ್ಯಾನೂ ಉಲ್ಟಾ ಸುತ್ತುತ್ತದೆ.

ಚಕ್ರದ ಕೋನ, ಮೊದಲ ಓಟ

ಕೆಲಸಕ್ಕಾಗುವಷ್ಟು ಅಲೈನ್‌ಮೆಂಟನ್ನು ಮನೆಯಲ್ಲೇ ದಾರದಿಂದ ಮಾಡಬಹುದು. ಸೀಟಿನಲ್ಲಿ ಮೂಟೆ ಇರುವಂತೆಯೇ, ಕಾರಿನ ಎರಡೂ ಪಕ್ಕ ಹಬ್ಬಿನ ಎತ್ತರಕ್ಕೆ, ಕಾರಿನ ನಡುಗೆರೆಗೆ ಸಮಾನಾಂತರವಾಗಿ ದಾರ ಕಟ್ಟಿ. ರಿಮ್ಮಿನ ಮುಂದಿನ ಅಂಚಿನಿಂದ ದಾರಕ್ಕೂ ಹಿಂದಿನ ಅಂಚಿನಿಂದ ದಾರಕ್ಕೂ ಇರುವ ಅಂತರದ ವ್ಯತ್ಯಾಸವೇ ಟೋ. ಕೈಪಿಡಿ ಬೇರೆ ಹೇಳದಿದ್ದರೆ ಮುಂದಿನ ಎರಡೂ ಚಕ್ರ ಸೇರಿ 1ರಿಂದ 2 ಮಿ.ಮೀ. ಒಳಮುಖವಾಗಿರಲಿ. ಚಕ್ರದ ಕೆಳಗೆ ಗ್ರೀಸ್ ಸವರಿದ ಎರಡು ಪ್ಲಾಸ್ಟಿಕ್ ಹಾಳೆ ಇಟ್ಟರೆ ಟೈರ್ ನೆಲಕ್ಕೆ ಕಚ್ಚಿಕೊಳ್ಳದೆ ಅಳತೆ ನಿಜವಾಗಿ ಬರುತ್ತದೆ. ಟೈರಿನ ಗಾಳಿ ಮಾಮೂಲಿ ಕಾರಿನಷ್ಟು ಬೇಡ. 500ರಿಂದ 600 ಕೆ.ಜಿ.ಯ ಈ ಕಾರಿಗೆ 18ರಿಂದ 20 ಪಿಎಸ್‌ಐ ಸಾಕು. 30 ಹಾಕಿದರೆ ಟೈರಿನ ನಡುಭಾಗ ಮಾತ್ರ ನೆಲ ಮುಟ್ಟುತ್ತದೆ.

ಮೊದಲ ಓಟ ಮುಚ್ಚಿದ ಜಾಗದಲ್ಲಿ, ನಡಿಗೆಯ ವೇಗದಲ್ಲಿ. ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಬ್ರೇಕ್ ಹೋಸ್ ಎಲ್ಲಾದರೂ ಟೈರಿಗೆ ತಾಗುತ್ತದೆಯೇ ನೋಡಿ. ಚಕ್ರದ ನಟ್ಟುಗಳನ್ನು 50 ಕಿ.ಮೀ. ಆದ ಮೇಲೆ ಮತ್ತೆ ಟಾರ್ಕ್ ಮಾಡಿ. 100 ಕಿ.ಮೀ.ಗೆ ಕಾರನ್ನು ಸ್ಟ್ಯಾಂಡಿಗೆ ಏರಿಸಿ ಹಳದಿ ಗೆರೆಗಳನ್ನೆಲ್ಲ ಟಾರ್ಚ್ ಹಾಕಿ ನೋಡುತ್ತಾ ಬನ್ನಿ. ಗೆರೆ ಎರಡು ತುಂಡಾಗಿ ಸರಿದಿದ್ದರೆ ಆ ನಟ್ಟು ತಿರುಗಿದೆ. ಅದನ್ನು ಬರೀ ಬಿಗಿ ಮಾಡಿ ಮುಗಿಸಬೇಡಿ. ಬಿಚ್ಚಿ, ಕೆಳಗೆ ಬಣ್ಣ ಉಳಿದಿದೆಯೇ, ಬೋಲ್ಟಿನ ಮರೆಯಿಲ್ಲದ ಭಾಗ ಉದ್ದವಾಗಿ ನಟ್ಟು ತಳ ಮುಟ್ಟಿದೆಯೇ ನೋಡಿ, ಹೊಸ ನಟ್ಟು ಹಾಕಿ, ಹೊಸ ಗೆರೆ ಎಳೆಯಿರಿ.